ಮಾರಮ್ಮನಿಗೆ ಬಿಟ್ಟ ಸಾವ್ಕಾರ

ಅಕ್ಕೂರಿನಲ್ಲಿ ನಮ್ಮ ಮನೆ ಹಿತ್ತಲು ಎರಡು ಪಾಲು. ಒಂದು ಕಡೆ ನನ್ನ ಹೆಂಡತಿ ಶಿವಲಿಂಗಮ್ಮನ ತರಕಾರಿ ಮಡಿಗಳು, ಇನ್ನೊಂದು ಕಡೆ ನನ್ನ ನಾಟಿ ಕೋಳಿಗಳು. ನಡುವೆ ಬೇಲಿ ಇದೆ. ಆದರೆ ನನ್ನ ಹುಂಜ ಸಾವ್ಕಾರ ಅದನ್ನು ಯಾವತ್ತೂ ಲೆಕ್ಕಕ್ಕೆ ಇಟ್ಟವನಲ್ಲ. ಅವನು ಕೂಗಿದರೆ ಚನ್ನಪಟ್ಟಣದ ಸ್ಟೇಷನ್ನಿನಲ್ಲಿ ರೈಲು ಹೊರಟುಬಿಡುತ್ತದೆ. ಗಾರ್ಡ್ ಹಸಿರು ಬಾವುಟ ತೋರಿಸುವುದು ಆಮೇಲೆ.

ಮಾರಮ್ಮನ ಹಬ್ಬಕ್ಕೆ ಒಂದು ತಿಂಗಳಿರುವಾಗ ಸಾವ್ಕಾರ ಆಗತಾನೆ ಮೊಳೆತ ಮೆಂತ್ಯದ ಮೂರು ಮಡಿ ಕೆದರಿ ಹಾಕಿದ. ಶಿವಲಿಂಗಮ್ಮ ಮಚ್ಚು ಹಿಡಿದು ಬಂದಳು.

"ಒಂದು ಎಸಳೂ ಬುಟ್ಟಿಲ್ಲ ಕಣ್ರೀ! ಇವತ್ತು ಇವ್ನೇ ಸಾರು!"

"ಮುಟ್ಬ್ಯಾಡ ಕಣಮ್ಮೀ! ಅವ್ನ್ನ ಮಾರಮ್ಮಂಗೆ ಹರಕೆ ಬುಟ್ಟಿವ್ನಿ!" ಅಂದೆ.

ಅವಳ ಕೈಯಿಂದ ಮಚ್ಚು ಬಿತ್ತು. "ತಪ್ಪಾಯ್ತು ತಾಯಿ" ಎಂದು ಎರಡೂ ಕೆನ್ನೆ ಬಡಿದುಕೊಂಡಳು.

ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಮಧ್ಯಾಹ್ನ ಮುದ್ದೆ ಮುರಿಯುವಾಗ ಥಟ್ಟನೆ ಹೊಳೆಯಿತು. ಹಬ್ಬದ ದಿನ ಹರಕೆ ಕೋಳಿಯನ್ನು ಕುಯ್ಯುತ್ತಾರಲ್ಲ! ಇವತ್ತಿನ ಸಾರಿನಿಂದ ಬಿಡಿಸಿ ಮುಂದಿನ ತಿಂಗಳ ಸಾರಿಗೆ ಬರೆದುಕೊಟ್ಟಿದ್ದೆ. ಅಮ್ಮನ ಹೆಸರಲ್ಲಿ ಆಡಿದ್ದು ಸುಳ್ಳಾದರೂ ಹರಕೆಯೇ.

ಹರಕೆಯ ಕೋಳಿಯನ್ನು ಹೊಡೆಯುವ ಹಾಗಿಲ್ಲ, ಅಟ್ಟುವ ಹಾಗಿಲ್ಲ. ಸಾವ್ಕಾರ ಬೆಳಗಾದರೆ ಬದನೆ ಸಾಲಿನಲ್ಲಿ ತಹಸೀಲ್ದಾರನಂತೆ ತಿರುಗಿ ಎಲೆ ಎಲೆಯ ಹುಳ ಹೆಕ್ಕತೊಡಗಿದ. ಎರಡೇ ವಾರಕ್ಕೆ ಬದನೆಕಾಯಿ ಒಂದೊಂದೂ ತಂಬಿಗೆ ಗಾತ್ರವಾಯಿತು. ಶಿವಲಿಂಗಮ್ಮ ಕಳೆ ಕಿತ್ತ ಕಡೆಗೆಲ್ಲ ಅವನೂ ಹಿಂದೆ ಹಿಂದೆ. ಒಂದು ಸಂಜೆ ನೋಡಿದರೆ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಳುತ್ತಿದ್ದಾಳೆ.

"ಇವ್ನ್ನ ಹೆಂಗ್ರೀ ಕುಯ್ಯಕ್ಕೆ ಕೊಡದು?"

ನಿಜ ಹೇಳಿಬಿಟ್ಟೆ. ತಂಬಿಗೆ ಗಾತ್ರದ ಬದನೆಕಾಯಿಯೊಂದು ನನ್ನ ಭುಜಕ್ಕೆ ಬಿತ್ತು. ಆಮೇಲೆ ಅವಳು ಕಣ್ಣೊರೆಸಿಕೊಂಡು ಕೇಳಿದಳು:

"ತೀರ್ಥ ಹಾಕ್ದಾಗ ಮೈ ಒದರಿದ್ರೆ ತಾನೆ ಅಮ್ಮ ಒಪ್ಪುದ್ಲು ಅನ್ನದು? ಒದರ್ದೇ ಹೋದ್ರೆ?"

"ಒದರ್ದೇ ಇದ್ರೆ ಕತ್ತಿ ಎತ್ತಂಗಿಲ್ಲ."

ಮಾರನೆಯ ದಿನದಿಂದ ಗಿಡಕ್ಕೆ ನೀರು ಹಾಕುವಾಗ ಸಾವ್ಕಾರನ ಮೈಮೇಲೂ ಒಂದು ಬೊಗಸೆ. ಮೊದಲ ದಿನ ಅವನು ಮೈ ಒದರಿದ ರಭಸಕ್ಕೆ ಪಕ್ಕದ ಮನೆಯ ಲತಾಮಣಿ ಮಳೆ ಬಂತೆಂದು ಒಣಹಾಕಿದ ಬಟ್ಟೆಯನ್ನೆಲ್ಲ ಒಳಗೆ ಹೊತ್ತಳು. ಅಲುಗದೆ ನಿಂತರೆ ಒಂದು ದಪ್ಪ ಹುಳ, ಒದರಿದರೆ ಇಲ್ಲ. ಹತ್ತು ದಿನಕ್ಕೆ ಬಕೆಟ್ ಪೂರ್ತಿ ಸುರಿದರೂ ಚನ್ನಪಟ್ಟಣದ ಮರದ ಗೊಂಬೆಯಂತೆ ನಿಲ್ಲುವುದನ್ನು ಕಲಿತ.

ಹಬ್ಬದ ದಿನ ಪೂಜಾರಿ ಮುನೇಶ್ ತೀರ್ಥ ಎರಚಿದ. ಸಾವ್ಕಾರ ಅಲುಗಲಿಲ್ಲ. ಎರಡನೆಯ ಸಲ ಎರಚಿದ, ಇಲ್ಲ. ಮೂರನೆಯ ಸಲಕ್ಕೆ ಚೊಂಬನ್ನೇ ಬೋರಲು ಹಾಕಿದ. ಸಾವ್ಕಾರ ಕತ್ತು ಓರೆ ಮಾಡಿ, ಹುಳ ಎಲ್ಲಿ ಎಂಬಂತೆ ಅವನ ಕೈ ನೋಡಿದ. ಅವನ ಬದಲು ನಾನು ಗಡಗಡ ನಡುಗುತ್ತಿದ್ದೆ.

"ಏನ್ಲಾ ಕೆಂಪರಾಜು, ಇದ್ಕೆ ಜೀವ ಐತೋ ಇಲ್ವೋ?" ಎಂದ ಮುನೇಶ್. "ಅಮ್ಮ ಒಲ್ಲೆ ಅಂತವ್ಳೆ, ಎತ್ಕಂಡೋಗು. ಆದ್ರೆ ಬದಲಿಗೆ ಏನಾರ ಕೊಡ್ಬೇಕು ಕಣ್ಲಾ."

ಶಿವಲಿಂಗಮ್ಮ ಮನೆಗೆ ಓಡಿ, ಹಿತ್ತಲ ಚಪ್ಪರದಿಂದ ಬೂದುಗುಂಬಳ ಕಿತ್ತು ತಂದಳು. ಯಾರಿಗೂ ಮುಟ್ಟಗೊಡದೆ ಬೆಳೆಸಿದ್ದ ಕಾಯಿ. ಅವಳ ತಲೆಯಿಂದ ಇಳಿಸಲು ಇಬ್ಬರು ಬೇಕಾದರು. ಒಂದೇ ಏಟಿಗೆ ಅದು ಎರಡು ಹೋಳಾಯಿತು. ಒಳಗೆ ಕುಂಕುಮ ಸುರಿದರು. ಅವಳು ಒಂದು ಚೂರೂ ಬೇಜಾರು ಮಾಡಿಕೊಳ್ಳಲಿಲ್ಲ.

ವಾಪಸು ಬರುವಾಗ ಸಾವ್ಕಾರ ಅವಳ ಕಂಕುಳಲ್ಲಿದ್ದ.

"ಅಕಸ್ಮಾತ್ ಒದರಿದ್ದಿದ್ರೆ ಏನ್ ಮಾಡ್ತಿದ್ರಿ?" ಎಂದಳು.

"ಎತ್ಕಂಡು ಓಡ್ತಿದ್ದೆ."

"ನಿಮ್ ಮಂಡಿ ನೋವ್ಗೆ ಎಲ್ಲಿ ಓಡೀರಿ? ಅದ್ಕೇ ನಾನು ಸೆರಗು ಸೊಂಟಕ್ಕೆ ಸಿಕ್ಕುಸ್ಕಂಡೇ ನಿಂತಿದ್ದೆ."