ಸೀಳು ಮುಚ್ಚಿದ ಚನ್ನವೀರಪ್ಪ

ವಿನಾಯಕನನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದವರನ್ನು ಕಂಡು ಜನ ನಗುತ್ತಾರೆ. ಆ ಅಪ್ಪನ ಭಕ್ತನೇ ಆದ ಚನ್ನವೀರಪ್ಪನಿಗೆ ಗಾದೆಯಲ್ಲಿ ನಗುವಂಥದ್ದೇನೂ ಕಂಡಿರಲಿಲ್ಲ, ತೊಂಬತ್ತೈದರ ಡಿಸೆಂಬರಿನವರೆಗೆ.

ಕಾಡುಗೋಡಿಯಲ್ಲಿ ಅವನದೊಂದು ಲೇತ್ ಶಾಪು. ವೈಟ್‌ಫೀಲ್ಡಿನ ಹಳೇ ಬಂಗಲೆಯ ಡೋರಿಸಮ್ಮ ತಮ್ಮ ಅಜ್ಜಿಯ ಕಾಲದ ಜೋಡಿ ಹಿತ್ತಾಳೆ ಮೇಣದಬತ್ತಿ ಸ್ಟ್ಯಾಂಡುಗಳನ್ನು ತಂದುಕೊಟ್ಟರು.

"ಒಂದರ ಪಾದ ಅಲ್ಲಾಡತ್ತೆ ಕಣಪ್ಪ. ಸಂಜೆ ಕರೆಂಟ್ ಹೋದ್ರೆ ಇವುಗಳ ಬೆಳಕಲ್ಲೇ ನಾನು ಬೈಬಲ್ ಓದೋದು. ಕ್ರಿಸ್‌ಮಸ್ ತನಕ ಒಂದಿನಾನೂ ತಪ್ಪಿಸಲ್ಲ."

ಪಾದ ಐದು ನಿಮಿಷದ ಕೆಲಸ. ಶಿವ ಅವನ ಬೆರಳಿಗೆ ಕಸುಬು ಇಟ್ಟಿದ್ದ. ಸಾಕು ಅನ್ನುವ ಬುದ್ಧಿ ಇಡಲು ಮರೆತಿದ್ದ. ಸ್ಟ್ಯಾಂಡಿನ ಟೊಳ್ಳು ಕಂಬದ ಉದ್ದಕ್ಕೂ ಒಂದು ಸೀಳು, ಸೀಳಿನಲ್ಲೊಂದು ಗುಂಡಿಯಂಥ ಸಡಿಲ ಗುಬುಟು ಕಣ್ಣಿಗೆ ಬಿತ್ತು. ಪಾಪ, ಬಿರುಕು ಬಿಟ್ಟಿದೆ ಅಂದುಕೊಂಡ. ಇನ್ನೊಂದರಲ್ಲೂ ಅದೇ ಜಾಗ, ಅದೇ ಅಳತೆ! ಎರಡು ಕಂಬಗಳು ಮಾತಾಡಿಕೊಂಡು ಬಿರುಕು ಬಿಡುತ್ತವೆಯೇ ಎಂದು ಕುರಿಯೂ ಅನುಮಾನಪಟ್ಟೀತು. ಚನ್ನವೀರಪ್ಪ ಪಡಲಿಲ್ಲ. ಗುಬುಟುಗಳನ್ನು ಕತ್ತರಿಸಿ, ಹಿತ್ತಾಳೆ ಕರಗಿಸಿ ಸೀಳು ತುಂಬಿ, ಬಫ್ ಹೊಡೆದು ನುಣುಪು ಮಾಡಿದ.

"ಅವ್ರು ಹೇಳಿದ್ದಷ್ಟೇ ಮಾಡಿದ್ರೆ ಆಗ್ತಿರ್ಲಿಲ್ವೇನ್ರೀ?" ಎಂದಳು ಹೆಂಡತಿ ಸಿದ್ದಮ್ಮ.

"ಕಸುಬು ನಿಂಗೇನ್ ಗೊತ್ತು, ಸುಮ್ನಿರೇ," ಎಂದವನು ಹಣೆಗೆ ಹೊಸದಾಗಿ ವಿಭೂತಿ ಬಳಿದುಕೊಂಡು ಹೊಗಳಿಸಿಕೊಳ್ಳಲು ಸ್ಟ್ಯಾಂಡುಗಳನ್ನು ತಾನೇ ಹೊತ್ತು ನಡೆದ.

ಬಂಗಲೆ ಸೇರುವಷ್ಟರಲ್ಲಿ ಕತ್ತಲಾಗಿತ್ತು, ಚಳಿ ಮೂಳೆಗೆ ಇಳಿದಿತ್ತು. ಒಳಗೆ ಕಾಲಿಟ್ಟದ್ದೇ ತಡ, ಕರೆಂಟು ಹೋಯಿತು. ಡೋರಿಸಮ್ಮ ಒಂದು ಮೋಟು ಮೇಣದಬತ್ತಿ ಹಚ್ಚಿ ಕಂಬದೊಳಗೆ ಇಳಿಸಿದರು. ಅದು ಬಾವಿಗೆ ಬಿದ್ದ ಕೊಡದಂತೆ ತಳ ಸೇರಿತು. ಕೋಣೆ ಮತ್ತೆ ಕಪ್ಪಾಯಿತು. ಅವರ ಹೆಬ್ಬೆರಳು ರೂಢಿಯಂತೆ ಕಂಬವನ್ನು ಸವರಿತು, ಮೇಲಕ್ಕೆ, ಕೆಳಕ್ಕೆ. ನುಣ್ಣಗಿತ್ತು. ಬಹಳ ನುಣ್ಣಗಿತ್ತು.

"ಇಲ್ಲೊಂದು ಗುಬುಟು ಇತ್ತಲ್ಲಪ್ಪಾ? ಅದನ್ನ ಮೇಲಕ್ಕೆ ತಳ್ಳಿದ್ರೆ ಮೋಟು ಮೇಲೆ ಬರ್ತಿತ್ತು."

'ಎಲ್ಲೋ ಬಿದ್ದೋಗಿರ್ಬೇಕು' ಎಂಬ ಮಾತು ಚನ್ನವೀರಪ್ಪನ ನಾಲಿಗೆಯ ತುದಿಗೆ ಬಂತು. ಆದರೆ ಹಣೆಯ ವಿಭೂತಿ ಕತ್ತಲಲ್ಲೂ ತನ್ನನ್ನೇ ನೋಡುತ್ತಿರುವಂತೆ ಅನಿಸಿತು.

"ನಾನೇ ಕುಯ್ದ್ಬಿಟ್ಟೆ, ಅಮ್ಮ."

"ಇನ್ನೊಂದು?"

"ಅದನ್ನೂ."

"ನೂರು ವರ್ಷದಿಂದ ಯಾರ ಕೈಲೂ ಕೆಡಿಸಕ್ಕಾಗಿರ್ಲಿಲ್ಲ," ಡೋರಿಸಮ್ಮ ನಿಟ್ಟುಸಿರಿಟ್ಟರು. "ಒಳ್ಳೇ ಕೆಲಸಗಾರ ಕಣಪ್ಪ ನೀನು."

"ನಾಳೆ ಬೆಳಿಗ್ಗೇನೇ ಮತ್ತೆ ಸೀಳು ಕೊರೆದು, ಗುಬುಟು ಕೂರಿಸಿ ಕೊಡ್ತೀನಿ."

"ಇವತ್ತಿನ ಅಧ್ಯಾಯ? ಮನೇಲಿರೋದೆಲ್ಲ ಮೋಟೇ. ತಟ್ಟೇಲಿಟ್ರೆ ನನ್ನ ಕಣ್ಣಿಗೆ ಬೆಳಕು ಸಾಲಲ್ಲ."

ಚನ್ನವೀರಪ್ಪ ಇನ್ನೊಂದು ಮೋಟು ಹಚ್ಚಿ, ಎರಡು ಬೆರಳಲ್ಲಿ ಹಿಡಿದು, ಅವರ ಕುರ್ಚಿಯ ಪಕ್ಕ ನಿಂತ. ಪುಟ ಬೆಳಗಿತು. ಬೆಚ್ಚನೆಯ ಬೆಳಕು ಮುದುಕಿಯ ಮುಖದ ಮೇಲೆ ಹರಡಿದ್ದು ಕಂಡು, ಯಾವ ದೇವರ ಮುಂದೆ ಹಚ್ಚಿದರೂ ದೀಪ ದೀಪವೇ ಎಂಬ ದೊಡ್ಡ ವಿಚಾರವೊಂದು ಹೊಳೆಯಿತು. ಅಷ್ಟರಲ್ಲಿ ಬಿಸಿ ಮೇಣ ಹೆಬ್ಬೆರಳ ಮೇಲೆ ಬಿದ್ದು ವಿಚಾರ ಹಾರಿಹೋಯಿತು.

"ಶಿವಶಿವಾ! ಇನ್ನೆಷ್ಟಿದೆ ಅಮ್ಮ?"

"ಎರಡೇ ಪುಟ," ಎಂದು ಡೋರಿಸಮ್ಮ ನಿಧಾನವಾಗಿ ಹಾಳೆ ತಿರುವಿದರು. "ಸ್ವಲ್ಪ ಮೇಲೆತ್ತಪ್ಪ."