ಎದೆಯ ಟಾನಿಕ್

ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಬೇನಜೀರಳ ಕೈ ತಟ್ಟನೆ ನಿಂತಿತು. ಬೆರಳಿಗೆಲ್ಲ ಖಾರ ಹತ್ತಿದ್ದರಿಂದ ಏಳು ವರ್ಷದ ಮಗಳು ಸಿಮ್ರಾನ ಫೋನನ್ನು ಅವಳ ಕಿವಿಗೆ ಹಿಡಿದಿದ್ದಳು. ಆಸ್ಪತ್ರೆಯವರು. ನಿಮ್ಮ ತಂದೆ ಹಜರತಅಲಿಯವರು ಗುರುವಾರದ ಬೈಪಾಸ್ ಬೇಡವೆಂದಿದ್ದಾರೆ, ತಡಮಾಡುವಂತಿಲ್ಲ, ನಿಮಗೆ ಗೊತ್ತೆ?

ಗೊತ್ತಿರಲಿಲ್ಲ. ಊಹಿಸಬಹುದಿತ್ತು.

ಅಬ್ಬಾ ಅಂಗಳದಲ್ಲಿ ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಇಂದು ಹಾವೇರಿಯಲ್ಲಿ ಮಗಳು ಬೇನಜೀರಳಿಗೆ ಸನ್ಮಾನ. ಆಪರೇಷನ್ ಯಾಕೆ ಬೇಡವೆಂದಿರಿ ಎಂದು ಅವಳು ಕೇಳಿದಳು.

"ಕೊಯ್ಸ್ಕೊಳ್ಳೂದು ಯಾಕ, ಬೇಟಿ? ನೀ ಟಾನಿಕ್ ಮಾಡೀದಿ."

ಮೂವತ್ತು ವರ್ಷ ಬ್ಯಾಡಗಿಯಲ್ಲಿ ಬೀಜ, ಔಷಧದ ಅಂಗಡಿ ನಡೆಸಿದವರು. ಮುದುಡಿದ ಮೆಣಸಿನ ಗಿಡ ಟಾನಿಕ್ ಹೊಡೆದ ಎಂಟು ದಿನಕ್ಕೆ ಚಿಗುರುವುದನ್ನು ಕಂಡವರು. ಪ್ರಯೋಗಾಲಯದಲ್ಲಿ ಹೃದಯದ ಜೀವಕೋಶಕ್ಕೆ ಬೆಳವಣಿಗೆಯ ಅಂಶ ಕೊಟ್ಟೆ, ಅದು ಎರಡಾಯಿತು ಎಂದು ಹೋದ ವರ್ಷ ಅವಳು ಹೇಳಿದ್ದೇ ಅವರಿಗೆ ಸಾಕಾಗಿತ್ತು. ಅವರ ದನಿಯಲ್ಲಿದ್ದ ಹೆಮ್ಮೆ ಕೇಳಿ ಅವಳು ತಿದ್ದಲಿಲ್ಲ. ಆಮೇಲೆ ಅವರಿಗೆ ಹೃದಯಾಘಾತವಾಯಿತು. ಆಗಲೂ ತಿದ್ದಲಿಲ್ಲ.

"ಅಬ್ಬಾ, ಅದು ಇನ್ನ ಗಾಜಿನ ತಟ್ಟ್ಯಾಗ ಐತ್ರಿ."

"ಸಸಿನೂ ಮೊದಲ ಟ್ರೇದಾಗ ಇರ್ತಾವ."

ಸನ್ಮಾನ ಮುಗಿಯಲಿ, ಹೇಳುತ್ತೇನೆ ಎಂದುಕೊಂಡಳು.

ಕಾರಿನಲ್ಲಿ ಸಿಮ್ರಾನ ತನ್ನ ನಾನಾನಿಗೆ, ಅಂದರೆ ಅಜ್ಜನಿಗೆ, ಒರಗಿ ಕೂತಳು. ಮುಂದಿನ ಸೀಟಿನಲ್ಲಿ ಅಬ್ಬಾನ ಗೆಳೆಯ, ರಾಣೆಬೆನ್ನೂರು ಕಡೆ ಟೊಮೆಟೊ ಬೀಜ ಬೆಳೆಯುವ ಉಡಚಪ್ಪ. ಅವನು ಹಿಂತಿರುಗಿ ಕೇಳಿದ: "ತಂಗಿ, ಇದು ಕುಡಿಯೂದೋ, ಸಿಂಪಡ್ಸೂದೋ?" ಎಲ್ಲರೂ ನಕ್ಕರು. ಬೇನಜೀರಳೂ ನಕ್ಕಳು, ನಗು ಅಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯ. ಬೆಳಗಿನಿಂದ ಮಗಳು ಏನೋ ಕೇಳಲು ಬಾಯಿ ತೆರೆದಾಗಲೆಲ್ಲ ಬೇನಜೀರ ಅವಳ ಜಡೆ ಸರಿಮಾಡಿ ಮಾತು ತಪ್ಪಿಸುತ್ತಿದ್ದಳು.

ಸಭಾಂಗಣ ತುಂಬಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ. ಜಿಲ್ಲೆಯ ಮಗಳು ಎಂದರು. ಅವಳಿಗೆ ಖರೇ ಖುಷಿಯಾಯಿತು. ಮೂರು ವರ್ಷ ಆ ಕೋಶಗಳು ಎರಡಾಗದೆ ಅವಳನ್ನು ಅಳಿಸಿದ್ದವು.

ಪರದೆಯ ಮೇಲೆ ಒಂದು ಕೋಶ ಬಡಿಯುತ್ತಿತ್ತು. ಬೇನಜೀರ ವಿವರಿಸಿದಳು: ದೊಡ್ಡವರ ಹೃದಯದ ಕೋಶಗಳು ಒಡೆದು ಎರಡಾಗುವುದನ್ನು ಹೆಚ್ಚುಕಡಿಮೆ ಮರೆತಿರುತ್ತವೆ. ಬೆಳವಣಿಗೆಯ ಅಂಶ ಬಂದು ಕೋಶದ ಹೊರಗೋಡೆಗೆ ಅಂಟುತ್ತದೆ. ಸುದ್ದಿ ಒಬ್ಬರಿಂದೊಬ್ಬರಿಗೆ ದಾಟಿದಂತೆ ಒಳಗೆ ನಡುವಿನ ತನಕ ಹೋಗುತ್ತದೆ. ಕೋಶಕ್ಕೆ ಮರೆತದ್ದು ನೆನಪಾಗುತ್ತದೆ. ಆದರೆ ಎರಡಾಗಲು ಅದು ತನ್ನ ಬಡಿತದ ಎಳೆಗಳನ್ನೇ ಬಿಚ್ಚಿಡಬೇಕು. ಈ ಒಂದು ಮಾತನ್ನು ಅವಳು ನುಂಗಿದಳು.

ಕೋಶದ ಬಡಿತ ನಿಂತಿತು. ನಡುವೆ ಸಣ್ಣಗಾಯಿತು. ಎರಡಾಯಿತು.

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಅಬ್ಬಾ ಎದೆಯ ಮೇಲೆ ಕೈಯಿಟ್ಟುಕೊಂಡು ಅಳುತ್ತಿದ್ದರು. ಗೆದ್ದವರ ಅಳು.

ಚಪ್ಪಾಳೆ ಇಳಿಯುವ ಹೊತ್ತಿಗೆ ಸಿಮ್ರಾನ ವೇದಿಕೆ ಹತ್ತಿ ತಾಯಿಯ ಪಕ್ಕ ನಿಂತಿದ್ದಳು. ಪರದೆಯ ಮೇಲೆ ಎರಡು ಕೋಶಗಳು ಅಕ್ಕಪಕ್ಕ ಸುಮ್ಮನೆ ಮಲಗಿದ್ದವು. ಎರಡೂ ಬಡಿಯುತ್ತಿರಲಿಲ್ಲ. ಮೈಕು ಇನ್ನೂ ಚಾಲೂ ಇತ್ತು.

"ಅಮ್ಮಿ, ಬಡಿಯೂದು ನಿಂತೈತಲ್ಲ. ನಮ್ಮ ನಾನಾಗೂ ಇದನ್ನ ಕೊಡ್ತೀಯೇನು?"