ಗುರುದೇವಿಯ ನೋವನ್ನು ಗುರುದೇವಿಯೇ ಹೇಳಲಿ

ಹೊಟ್ಟೆನೋವು ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ನಮ್ಮ ಊರುಗಳಲ್ಲಿ ಎಲ್ಲರೂ ಡಾಕ್ಟರಾಗಿಬಿಡುತ್ತಾರೆ. ಒಬ್ಬರು ಅಜವಾನ ಅಗಿ ಎನ್ನುತ್ತಾರೆ. ಇನ್ನೊಬ್ಬರು ಔಡಲ ಎಣ್ಣೆ ಕುಡಿ ಎನ್ನುತ್ತಾರೆ. ಮೂರನೆಯವರು ಹೊಕ್ಕಳು ಸರಿದಿದೆ ಎಂದು ತಿಕ್ಕಲು ಕೂತೇಬಿಡುತ್ತಾರೆ. ಸೇಡಂನಿಂದ ಒಂದು ಹರದಾರಿ ದೂರದ ಹಳ್ಳಿಯಲ್ಲಿ ಗುರುದೇವಿ ಎಂಬ ಹೆಣ್ಣುಮಗಳು ಎರಡು ವರ್ಷ ಇದೆಲ್ಲವನ್ನೂ ಮಾಡಿಸಿಕೊಂಡಳು. ನೋವು ಹೋಗಲಿಲ್ಲ. ಅದು ಯಾವ ನೋವು ಎಂದು ಹೇಳುವವರೂ ಸಿಗಲಿಲ್ಲ.

ಅವಳ ಗಂಡ ನಾಗೇಂದ್ರಪ್ಪ. ಹೊಲಮನೆ ಇದ್ದವನು, ಒಳ್ಳೆಯ ಮನುಷ್ಯ. ತನ್ನ ಉರ್ದುವಿನ ಮೇಲೆ ಮಾತ್ರ ಅವನಿಗೆ ಸ್ವಲ್ಪ ಹೆಚ್ಚೇ ಅಭಿಮಾನ. ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳಿಕೆ ಮುಗಿದು ಏಳು ವರ್ಷವಾಗುತ್ತ ಬಂದಿದ್ದರೂ ತಹಸೀಲ ಕಚೇರಿಯಲ್ಲಿ ಇನ್ನೂ ಉರ್ದು ಅರ್ಜಿಗಳೇ ಓಡಾಡುತ್ತಿದ್ದವು. ಬಾಂದಗಲ್ಲಿನ ತಂಟೆಯವರು, ಎತ್ತು ಕಳೆದುಕೊಂಡವರು ಎಲ್ಲರೂ ಅವನ ಕಟ್ಟೆಗೇ ಬರಬೇಕು. ಯಾವ ದಿನ ಆಯಿತು, ಎಷ್ಟು ಹೊತ್ತಿಗೆ ಆಯಿತು, ಯಾರು ನೋಡಿದರು ಎಂದು ಒಂದೊಂದನ್ನೂ ಕೆದಕಿ ಕೇಳಿ ಎರಡು ಹಾಳೆ ತುಂಬ ಬರೆದುಕೊಡುತ್ತಿದ್ದ. ಅವನ ಅರ್ಜಿ ಓದಿದರೆ ತಹಸೀಲ್ದಾರರು ಮರುಪ್ರಶ್ನೆ ಕೇಳುವುದಿಲ್ಲ ಎಂದು ಊರಲ್ಲಿ ಮಾತಿತ್ತು.

ಹೀಗಾಗಿ ಡಾಕ್ಟರ ಹತ್ತಿರ ಹೋದಾಗಲೂ ಮಾತಾಡುವವನು ಅವನೇ. ಡಾಕ್ಟರಿಗೆ ಕನ್ನಡ ಬಾರದು, ಗುರುದೇವಿಗೆ ಉರ್ದು ಬಾರದು. ಅವಳು ಸೆರಗು ಹೊದ್ದು ಹಿಂದೆ ನಿಲ್ಲುತ್ತಿದ್ದಳು. ಇವನು ಮುಂದೆ ನಿಂತು, "ಪೇಟ್ ಮೇ ದರ್ದ್ ಹೈ ಸಾಬ್," ಎನ್ನುತ್ತಿದ್ದ. ಹೊಟ್ಟೆಯಲ್ಲಿ ನೋವಿದೆ, ಅಷ್ಟೇ. ಹೆಂಡತಿಯ ಮೈಯ ಸಂಗತಿಯನ್ನು ಪರರ ಮುಂದೆ ಅದಕ್ಕಿಂತ ಹೆಚ್ಚು ಆಡಲು ಅವನಿಗೆ ನಾಚಿಕೆ.

ಇನ್ನೊಂದು ತಪ್ಪೂ ನಡೆಯುತ್ತಿತ್ತು. ನೋವು ಏರಿದಾಗ ಯಾರೂ ಗಾಡಿ ಕಟ್ಟುತ್ತಿರಲಿಲ್ಲ. ಅಂಥ ಸ್ಥಿತಿಯಲ್ಲಿ ಹೇಗೆ ಕರೆದೊಯ್ಯುವುದು, ತುಸು ಇಳಿಯಲಿ ಎನ್ನುತ್ತಿದ್ದರು. ನಾಲ್ಕೈದು ದಿನ ಕಳೆದು ಅವಳು ಎದ್ದು ಓಡಾಡುವಂತಾದ ಮೇಲೆ ದವಾಖಾನೆಯ ದಾರಿ ಹಿಡಿಯುತ್ತಿದ್ದರು. ಆಗ ಹೊಟ್ಟೆ ಒತ್ತಿ ನೋಡಿದ ಡಾಕ್ಟರಿಗೆ ಏನು ತಿಳಿದೀತು? ಚಿತ್ತಾಪುರದಲ್ಲಿ ಒಬ್ಬರು ವಾಯು ಎಂದರು. ಶಹಾಬಾದದಲ್ಲಿ ಇನ್ನೊಬ್ಬರು ಜಂತುಹುಳು ಎಂದು ಔಷಧ ಕೊಟ್ಟರು. ಮೂರನೆಯವರು ಮಾತ್ರ ಬಹಳ ಹೊತ್ತು ನೋಡಿ, "ಏನೂ ಇಲ್ಲ. ಮನಸ್ಸಿಗೇನಾದರೂ ಹಚ್ಚಿಕೊಂಡಿದ್ದಾಳೋ ಕೇಳು," ಎಂದರು. ಕೇಳಿದ್ದಕ್ಕೆ ತಕ್ಕ ಉತ್ತರ ಕೊಟ್ಟರು, ಅವರನ್ನು ದೂರಿ ಫಲವಿಲ್ಲ.

ಆ ಮಾತನ್ನು ನಾಗೇಂದ್ರಪ್ಪ ಮನೆಗೆ ಬಂದು ಹಾಗೇ ಒಪ್ಪಿಸಿದ. ಅವನ ತಾಯಿ ವಿಮಲಾಬಾಯಿ, "ನಾ ಮೊದಲೇ ಅಂದಿಲ್ಲೇನು, ಕೆಲಸದ ಹೊತ್ತಿಗೇ ಬರ್ತದ ಆಕಿ ಬ್ಯಾನಿ," ಎಂದಳು. ಅಂದಿನಿಂದ ಗುರುದೇವಿ ನೋವಿನ ಮಾತನ್ನೇ ಎತ್ತಲಿಲ್ಲ. ಸದ್ಯ, ಗುಣವಾಯಿತು ಎಂದು ನಾಗೇಂದ್ರಪ್ಪ ನಿಟ್ಟುಸಿರು ಬಿಟ್ಟ.

ಕೆಲವು ತಿಂಗಳು ಕಳೆದವು. ಒಂದು ದಿನ ಸೇಡಂನಿಂದ ನರ್ಸಬಾಯಿ ತಾಜುನ್ನಿಸಾ ಊರಿಗೆ ಬಂದಳು. ಪಕ್ಕದ ಮನೆಯ ಬಾಣಂತಿಯನ್ನು ನೋಡಿಕೊಂಡು, ನೀರು ಕುಡಿಯಲು ಇವರ ಮನೆಗೆ ಕಾಲಿಟ್ಟಳು. ಒಳಗೆ ಬೀಸುವ ಕಲ್ಲಿನ ಹತ್ತಿರ ಗುರುದೇವಿ ಮೊಣಕಾಲು ಎದೆಗೆ ಅವಚಿಕೊಂಡು ಮುಂದಕ್ಕೆ ಬಾಗಿ ಕುಳಿತಿದ್ದಳು. ಮುಖ ಬೆವೆತಿತ್ತು.

ತಾಜುನ್ನಿಸಾ ನೀರು ಕೇಳುವುದನ್ನು ಮರೆತು ಅವಳ ಪಕ್ಕ ಕುಳಿತಳು. ನಾಡಿ ಹಿಡಿದಳು, ಮೆಲ್ಲಗೆ ಏನೇನೋ ಕೇಳಿದಳು. ಆಮೇಲೆ ಹೊರಗೆ ಕಟ್ಟೆಗೆ ಬಂದಳು.

"ನಾಗೇಂದ್ರಪ್ಪಣ್ಣ, ಈಕಿಗೆ ಎಷ್ಟು ದಿನದಿಂದ ಹಿಂಗ ಅದ?"

"ಎರಡು ವರ್ಷ ಆಯ್ತು ಅಕ್ಕಾ, ಈಗ ಆರಾಮ ಆಗ್ಯದ ಅಂತ ತಿಳಕೊಂಡಿದ್ದೆ. ಹೈರಾಣ ಆಗೇವಿ. ಮೂರು ಡಾಕ್ಟರಿಗಿ ತೋರಿಸೀನಿ. ಏನೂ ಇಲ್ಲ ಅಂತಾರ."

"ಅವರಿಗಿ ಏನಂತ ಹೇಳಿದ್ರಿ?"

"ಹೊಟ್ಟಿ ನೋವು ಅಂತ."

"ಮತ್ತ?"

"ಮತ್ತೇನು? ಹೊಟ್ಟಿ ನೋವಂದ್ರ ಹೊಟ್ಟಿ ನೋವು."

"ನೋವು ಹೊಟ್ಟಿ ಮ್ಯಾಲಿನ ಕಡಿ ಹುಟ್ಟಿ ಸೀದಾ ಬೆನ್ನಿಗಿ ಹಾಯ್ತದಂತ. ವಾಂತಿ ಆದ್ರೂ ಇಳಿಯಂಗಿಲ್ಲಂತ. ಅಂಗಾತ ಮಲಗಿದ್ರ ಹೆಚ್ಚಾಗಿ, ಬಾಗಿ ಕುಂತ್ರ ತುಸು ಕಡಿಮಿ ಆಗ್ತದಂತ. ಇದು ನಿಮಗ ಗೊತ್ತದ?"

ನಾಗೇಂದ್ರಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದೂ ಸುಲಭವಿರಲಿಲ್ಲ. "ಡಾಕ್ಟರಿಗಿ ನೋಡಿದ್ರ ತಿಳೀಬೇಕಲ್ಲ," ಎಂದು ಗೊಣಗಿದ.

"ಮೊದಲಿನ ಡಾಕ್ಟರ ಚೀಟಿ ಎಲ್ಲಿ ಅವ?"

"ಅವು ಹರದು ಒಗದೀನಿ. ಒಬ್ಬರ ಚೀಟಿ ಇನ್ನೊಬ್ಬರಿಗಿ ತೋರಿಸಿದ್ರ ಅವರಿಗಿ ಅವಮಾನ ಆಗ್ತದ."

ತಾಜುನ್ನಿಸಾಳಿಗೆ ನಗು ಬಂತು, ಆದರೆ ನಗಲಿಲ್ಲ. "ಅಣ್ಣ, ಸಿಟ್ಟಾಗಬ್ಯಾಡ್ರಿ. ಮಂದಿ ಎತ್ತು ಕಳದ್ರ ಎರಡು ಹಾಳಿ ಅರ್ಜಿ ಬರೀತೀರಿ. ಮನಿಯಾಕಿ ಜೀವದ್ದು ಒಂದು ಮಾತಿನಾಗ ಮುಗಿಸ್ತೀರಿ. ಡಾಕ್ಟರ್ ಏನು ಮಾಡಬೇಕು? ಇದೂ ಒಂದು ಅರ್ಜಿ ಅಂತ ತಿಳಕೊಂಡು ಬರೀರಿ. ನೀವು ಕೇಳ್ರಿ, ಆಕಿ ಹೇಳ್ಲಿ. ಇನ್ನೊಂದು ಮಾತು. ಮುಂದ ನೋವು ಬಂದ್ರ ಇಳೀಲಿ ಅಂತ ಕುಂದ್ರಬ್ಯಾಡ್ರಿ. ಕೆಲವು ಬ್ಯಾನಿ ಎರಡು ಮೂರು ದಿನ ಅಷ್ಟೇ ರಕ್ತದಾಗ, ಮೂತ್ರದಾಗ ಗುರ್ತು ಬಿಡ್ತಾವ. ಆಮ್ಯಾಲ ಹುಡುಕಿದ್ರ ಸಿಗಂಗಿಲ್ಲ. ಆ ಪರೀಕ್ಷಾ ಮಾಡೋ ದೊಡ್ಡ ದವಾಖಾನಿಗಿ, ಹೈದರಾಬಾದಿಗಿ ಹೋಗ್ರಿ. ನೋವು ಇದ್ದಾಗಲೇ ಹೋಗ್ರಿ."

ವಿಮಲಾಬಾಯಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ನಮ್ಮ ಕಾಲದಾಗ ಇಷ್ಟೆಲ್ಲ ಇರಲಿಲ್ಲವ್ವ ತಾಜುನ್ನಿಸಾ. ಒಂದು ಬಟ್ಟಲು ಬೆಚ್ಚನ ತುಪ್ಪ ಕುಡಿಸಿದ್ರ ಕರಳು ತಂಪಾಗ್ತಿತ್ತು. ಈಕಿಗೂ ಕುಡಿಸೀನಿ."

"ಕುಡಿಸಿದ ಮ್ಯಾಲ ಕಡಿಮಿ ಆಯ್ತೇನವ್ವ?"

ವಿಮಲಾಬಾಯಿ ನೆನಪು ಮಾಡಿಕೊಂಡಳು. ಕಡಿಮೆಯಾದದ್ದು ಒಂದು ಸಲವೂ ನೆನಪಾಗಲಿಲ್ಲ.

"ಈ ನೋವಿನಾಗ ತುಪ್ಪ, ಎಣ್ಣಿ ಬ್ಯಾಡವ್ವ. ಹೊಟ್ಟಿ ತಿಕ್ಕಸೂದೂ ಬ್ಯಾಡ," ಎಂದು ಹೇಳಿ ತಾಜುನ್ನಿಸಾ ಹೊರಟಳು. ಆ ಸಲದ ನೋವು ಶುರುವಾಗಿ ಆಗಲೇ ಐದು ದಿನವಾಗಿ ಇಳಿಮುಖವಾಗಿತ್ತು.

ಎರಡು ದಿನ ನಾಗೇಂದ್ರಪ್ಪ ಮುಖ ಗಂಟಿಕ್ಕಿಕೊಂಡೇ ಓಡಾಡಿದ. ಒಬ್ಬ ನರ್ಸಬಾಯಿ ತನ್ನ ಕಟ್ಟೆಯ ಮೇಲೆ ನಿಂತು ತನಗೇ ಬುದ್ಧಿ ಹೇಳಿ ಹೋದಳಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದ. ಮೂರನೆಯ ದಿನ ಮಧ್ಯಾಹ್ನ ಹಾಳೆ, ಮಸಿಯ ದೌತಿ ಹಿಡಿದುಕೊಂಡು ಪಡಸಾಲೆಗೆ ಬಂದ. "ಗುರುದೇವಿ, ಇಲ್ಲಿ ಕುಂದ್ರು. ಮೊದಲನೇ ಸಲ ಯಾವಾಗ ಬಂತು, ಹೇಳು," ಎಂದ.

ಅವಳು ಅವನ ಮುಖವನ್ನೇ ನೋಡಿದಳು. ಇಂಥದನ್ನು ಅವನು ಕೇಳಿರಲೇ ಇಲ್ಲ. ಮೊದಮೊದಲು ತಡವರಿಸಿದಳು, ಆಮೇಲೆ ಮಾತು ತಾನಾಗಿ ಬಂತು. ಪಂಚಮಿಯ ಮರುದಿನ. ದೀಪಾವಳಿ ಹೋಳಿಗೆ ಉಂಡ ದಿನ. ಬಸುರಿ ನಾದಿನಿಗೆ ಕುಬಸ ಮಾಡಿದ ದಿನ. ಅವನ ಲೆಕ್ಕದಲ್ಲಿ ನಾಲ್ಕು ಸಲ ಇತ್ತು. ಅವಳು ಹೇಳುತ್ತ ಹೋದದ್ದು ಒಂಬತ್ತಕ್ಕೆ ಬಂದು ನಿಂತಿತು.

"ಎಳ್ಳಮಾಸಿ ದಿನಾನೂ ಬಂದಿತ್ತೇನು? ಹೊಲದಾಗ ಎಲ್ಲಾರ ಜೋಡಿ ಇದ್ದೆಲ್ಲ."

"ಎಲ್ಲಾರೂ ಉಂಡ ಮ್ಯಾಲ ಬಣವಿ ಹಿಂದ ಹೋಗಿ ಕುಂತಿದ್ದೆ. ನೀವು ಮಜ್ಜಿಗಿ ತಾ ಅಂತ ಕೂಗಿದ್ರಿ. ತಡ ಆಯ್ತಂತ ಬೈದ್ರಿ."

ಅವನಿಗೆ ನೆನಪಾಯಿತು. ಬಂದವರೆಲ್ಲರ ಮುಂದೆ ಬೈದಿದ್ದ. ಲೇಖನಿ ಹಾಳೆಯ ಮೇಲೆ ನಿಂತೇಬಿಟ್ಟಿತು.

"ನಂಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಮತ್ತೊಬ್ಬ ಡಾಕ್ಟರ ಕಡಿ ಕರಕೊಂಡು ಹೋಗ್ತಿದ್ರಿ. ಅವರೂ ಏನಿಲ್ಲ ಅಂತಿದ್ರು. ನೋವಾದ್ರ ನಾಕು ದಿನಕ್ಕ ಇಳೀತದರಿ. ಏನೂ ಇಲ್ಲ ಅಂತಾರಲ್ಲ, ಆ ಮಾತು ಇಳಿಯಂಗಿಲ್ಲ."

ತನ್ನ ಮನೆಯ ಅರ್ಜಿ ಎರಡು ವರ್ಷ ತನ್ನ ಮುಂದೆಯೇ ನಿಂತಿತ್ತು, ತಾನು ತಲೆ ಎತ್ತಿ ನೋಡಲಿಲ್ಲ ಎನಿಸಿ ನಾಗೇಂದ್ರಪ್ಪನಿಗೆ ತುಂಬ ನಾಚಿಕೆಯಾಯಿತು. ಅಷ್ಟರಲ್ಲಿ ಒಳಗಿನಿಂದ ವಿಮಲಾಬಾಯಿಯ ದನಿ ಬಂತು. "ಕುಬಸದ ಸಲ ಆಕಿ ಕಣ್ಣು ಹಳದಿ ಆಗಿದ್ವು. ನಾನೇ ನೋಡೀನಿ. ಅದೂ ಬರಿ." ಅವನು ಅದನ್ನೂ ಬರೆದ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹತ್ತನೆಯ ಸಲ ನೋವು ಬಂತು. ಹಿಂದಿನ ದಿನ ನೆಂಟರ ಮನೆಯಲ್ಲಿ ಕರಿದ ಅಡುಗೆಯ ಊಟವಾಗಿತ್ತು. ಈ ಸಲ ಗುರುದೇವಿ ಗೋಡೆಗೆ ಹಣೆ ಹಚ್ಚಿ ನರಳುತ್ತಿದ್ದಳು. ನಾಗೇಂದ್ರಪ್ಪನ ಬಾಯಿಂದ ಮೊದಲು ಬಂದದ್ದು ಹಳೆಯ ಮಾತೇ. "ತುಸು ಇಳೀಲಿ, ನಾಳಿಗಿ ನೋಡೋಣ." ಅಂದವನು ತಡೆದ. ಅವಳು ಅವನ ಕಡೆ ನೋಡಿದಳು. ಅವನು ಹೋಗಿ ಎತ್ತು ಬಿಚ್ಚಿ ತಂದು ಗಾಡಿ ಕಟ್ಟಿದ.

ವಿಮಲಾಬಾಯಿ ಗಾಬರಿಯಾದಳು. "ಇಂಥಾ ಹೊತ್ತಿನಾಗ ರೈಲು ಹತ್ತಿಸ್ತಿ? ದಾರ್ಯಾಗ ಏನಾರ ಆದ್ರ?"

"ಇಲ್ಲಿದ್ರೂ ಆಗಬಹುದವ್ವ. ಅಲ್ಲಿ ನೋಡೋರು ಇರ್ತಾರ."

ವಿಮಲಾಬಾಯಿ ಒಲೆಯ ಮೇಲಿದ್ದ ತುಪ್ಪದ ಬಟ್ಟಲನ್ನು ತಾನೇ ಕೆಳಗಿಳಿಸಿ, ಗಾಡಿಯಲ್ಲಿ ಕೌದಿ ಹಾಸಿದಳು.

ವಾಡಿಯಿಂದ ಬಂದ ಪ್ಯಾಸೆಂಜರು ಸೇಡಂನಲ್ಲಿ ಸಿಕ್ಕಿತು. ತಾಂಡೂರು, ವಿಕಾರಾಬಾದು ದಾಟುವವರೆಗೂ ಗುರುದೇವಿ ಗಂಟಿನ ಮೇಲೆ ತಲೆಯಿಟ್ಟು ಬಾಗಿ ಕುಳಿತೇ ಇದ್ದಳು. ಎದುರಿನ ಹೆಂಗಸರು ಸರಿದು ಜಾಗ ಕೊಟ್ಟರು. ನಾಗೇಂದ್ರಪ್ಪ ಅರ್ಜಿಯನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ತಡವಾಯಿತೇನೋ, ಈ ಸಲ ಅವಳನ್ನು ಕಳೆದುಕೊಳ್ಳುತ್ತೇನೇನೋ ಎಂಬ ಹೆದರಿಕೆ ಅವನನ್ನು ದಾರಿಯುದ್ದಕ್ಕೂ ಬಿಡಲಿಲ್ಲ.

ದೊಡ್ಡ ದವಾಖಾನೆಯ ಡಾಕ್ಟರು ತೆಲುಗಿನವರು, ಉರ್ದು ಚೆನ್ನಾಗಿ ಆಡುತ್ತಿದ್ದರು. ಏನಾಗಿದೆ ಎಂದು ಕೇಳಿದರು. ನಾಗೇಂದ್ರಪ್ಪ "ಪೇಟ್ ಮೇ" ಎಂದು ಬಾಯಿ ತೆರೆದವನು ಮುಚ್ಚಿಕೊಂಡ. ಹಾಳೆ ಕೊಟ್ಟು, "ಇವಳೇ ಹೇಳುತ್ತಾಳೆ ಸಾಬ್. ಅವಳ ಮಾತನ್ನು ನಾನು ಉರ್ದುವಿನಲ್ಲಿ ಹೇಳುತ್ತೇನೆ. ನನ್ನದೇನೂ ಸೇರಿಸುವುದಿಲ್ಲ, ಬಿಡುವುದೂ ಇಲ್ಲ," ಎಂದ. ಗುರುದೇವಿ ಸೆರಗು ಸರಿಸಿ, ಪಕ್ಕೆಲುಬಿನ ಕೆಳಗೆ ಬೆರಳಿಟ್ಟು, ನೋವು ಬೆನ್ನಿನಲ್ಲಿ ಎಲ್ಲಿಗೆ ಹಾಯುತ್ತದೆ ಎಂದು ತೋರಿಸಿದಳು. ಡಾಕ್ಟರು ಹಾಳೆಯನ್ನು ಎರಡು ಸಲ ಓದಿದರು. ಹಳದಿ ಕಣ್ಣಿನ ಸಾಲಿಗೆ ಬಂದಾಗ ಸ್ಟೂಲು ಹತ್ತಿರ ಎಳೆದುಕೊಂಡು ಕುಳಿತರು. ಅವಳನ್ನು ಅಲ್ಲೇ ಇರಿಸಿಕೊಂಡು, ಬಾಯಿಗೆ ಏನೂ ಕೊಡದೆ ಸಲೈನು ಹಚ್ಚಿಸಿ, ರಕ್ತ, ಮೂತ್ರ ಪರೀಕ್ಷೆಗೆ ಕಳಿಸಿದರು.

ಮರುದಿನ ಹೇಳಿದರು. ಜಠರದ ಹಿಂದೆ, ಬೆನ್ನಿಗೆ ಹತ್ತಿಕೊಂಡಂತೆ ಮೇದೋಜೀರಕ ಎಂಬ ಗ್ರಂಥಿ ಇರುತ್ತದೆ. ಉಂಡದ್ದನ್ನು ಅರಗಿಸುವ ರಸ ಅದರಲ್ಲಿ ಹುಟ್ಟುತ್ತದೆ. ಅದು ಬಾತಿದೆ. ಪಿತ್ತಕೋಶದ ಹರಳು ದಾರಿಗೆ ಅಡ್ಡ ಬಂದು ಹೀಗಾಗುತ್ತಿರಬೇಕು, ಬಾವು ಇಳಿದ ಮೇಲೆ ಎಕ್ಸ್‌ರೇ ತೆಗೆದು ಖಾತ್ರಿ ಮಾಡಿಕೊಳ್ಳೋಣ. ಹರಳೇ ಆದರೆ ಆಪರೇಷನ್ ಮಾಡಬೇಕು. ಹೀಗೇ ಬಿಟ್ಟರೆ ಒಂದಲ್ಲ ಒಂದು ಸಲ ಜೀವಕ್ಕೇ ಬರಬಹುದು.

ಕೊನೆಗೆ, "ನಾಲ್ಕು ದಿನ ಬಿಟ್ಟು ಬಂದಿದ್ದರೆ ಪರೀಕ್ಷೆಯಲ್ಲಿ ಏನೂ ಕಾಣುತ್ತಿರಲಿಲ್ಲ. ನಾನೂ ಏನೂ ಇಲ್ಲ ಎಂದೇ ಕಳಿಸುತ್ತಿದ್ದೆನೋ ಏನೋ," ಎಂದರು.

ನಾಗೇಂದ್ರಪ್ಪ ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳಿದ. ಗುರುದೇವಿ ಆ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ನೋವು ಹೆಚ್ಚಾಯ್ತೇನು?"

"ಇಲ್ಲರಿ. ಇದಕ್ಕೊಂದು ಹೆಸರು ಅದಲ್ಲ. ನನ್ನ ತಲಿಯೇ ಕೆಟ್ಟದ ಅಂತ ತಿಳಕೊಂಡಿದ್ದೆ."

ಎಕ್ಸ್‌ರೇಯಲ್ಲಿ ಹರಳು ಕಂಡವು. ಆರು ವಾರ ಬಿಟ್ಟು ಆಪರೇಷನ್ ಆಯಿತು. ವಿಮಲಾಬಾಯಿಯೇ ಹೈದರಾಬಾದಿಗೆ ಬಂದು ಸೊಸೆಯ ಪಕ್ಕ ಉಳಿದಳು. ಈಗ ಗುರುದೇವಿ ಎಣ್ಣೆ, ತುಪ್ಪ ಹಿತಮಿತವಾಗಿ ಉಣ್ಣುತ್ತಾಳೆ, ಹೊಲಕ್ಕೂ ಹೋಗುತ್ತಾಳೆ. ನಾಗೇಂದ್ರಪ್ಪನ ಕಟ್ಟೆಗೆ ಈಗ ಬೇನೆಯ ಅರ್ಜಿ ಬರೆಸಲೂ ಮಂದಿ ಬರುತ್ತಾರೆ. ಗಂಡ ಬಂದು ಹೆಂಡತಿಯ ನೋವು ಹೇಳತೊಡಗಿದರೆ ಅವನು ಲೇಖನಿ ಕೆಳಗಿಟ್ಟು, "ಆಕಿನ್ನ ಕರಕೊಂಡು ಬರ್ರಿ," ಎನ್ನುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಮತ್ತೆ ಮತ್ತೆ ಬರುವ ಹೊಟ್ಟೆನೋವನ್ನು, ಅದರಲ್ಲೂ ಬೆನ್ನಿಗೆ ಹಾಯುವ, ವಾಂತಿಯಾದರೂ ಇಳಿಯದ ನೋವನ್ನು ಮನೆಮದ್ದಿನಲ್ಲಿ ಮುಗಿಸಬೇಡಿ. ನೋವು ಇದ್ದಾಗಲೇ ದವಾಖಾನೆಗೆ ಹೋಗಿ. ಯಾವಾಗ ಬಂತು, ಏನು ಉಂಡಾಗ ಬಂತು ಎಂದು ಬರೆದಿಡಿ, ಬರೆಯಲು ಬಾರದಿದ್ದರೆ ಬಲ್ಲವರಿಂದ ಬರೆಸಿ. ಹಳೆಯ ಚೀಟಿಗಳನ್ನು ಒಯ್ಯಿರಿ, ಯಾವ ಡಾಕ್ಟರಿಗೂ ಅವಮಾನವಾಗುವುದಿಲ್ಲ. ನೋವು ಯಾರದೋ ಅವರೇ ಹೇಳಲಿ. ಒಬ್ಬರು ಏನೂ ಇಲ್ಲ ಎಂದರೆಂದು ಕೈಚೆಲ್ಲಬೇಡಿ. ನಿಮ್ಮ ಮನೆಯಲ್ಲಿ ಯಾರಾದರೂ ನೋವಿನ ಮಾತು ಆಡುವುದನ್ನೇ ಬಿಟ್ಟಿದ್ದರೆ, ಅವರಿಗೆ ಗುಣವಾಯಿತು ಎಂದು ತಿಳಿಯಬೇಡಿ. ಇವತ್ತೇ ಅವರ ಪಕ್ಕದಲ್ಲಿ ಕುಳಿತು ಕೇಳಿ.